ಮಾರುತಿ 800 (1994, ಕಾರ್ಬೊರೇಟರ್): ಬಿಸಿಯಾದ ಮೇಲೆ ಐಡ್ಲಿಂಗ್ (ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗಿನ ಓಟ) ಸ್ಥಿರ ಇರಲ್ಲ, ಸಿಗ್ನಲ್‌ನಲ್ಲಿ ಆಫ್ ಆಗುತ್ತೆ

ಮೂರುಸಿಲಿಂಡರ್

ಗಾಡಿ 1994ರ ಮಾರುತಿ 800. ಕೈಯಲ್ಲಿ ಎಳೆಯೋ ಚೋಕ್, ಪಾಯಿಂಟ್ (ಕಿಡಿ ಹುಟ್ಟಿಸೋ ಸ್ವಿಚ್) ಇರೋ ಡಿಸ್ಟ್ರಿಬ್ಯೂಟರ್ (ಕಿಡಿಯನ್ನ ಪ್ಲಗ್‌ಗಳಿಗೆ ಹಂಚೋದು), ಎಸಿ ಇಲ್ಲ. ಓಡೋದು ಬೆಂಗಳೂರಲ್ಲಿ.

ಬೆಳಿಗ್ಗೆ ಚೋಕ್ ಎಳೆದರೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಐದಾರು ಕಿಲೋಮೀಟರ್ ಓಡಿ ಬಿಸಿಯಾದ ಮೇಲೆ ನ್ಯೂಟ್ರಲ್‌ನಲ್ಲಿ ಗಡಗಡ ನಡುಗುತ್ತೆ. ಮೀಟರ್ ಸಿಕ್ಕಿಸಿ ನೋಡಿದಾಗ ಆರ್‌ಪಿಎಂ 600ಕ್ಕೂ 900ಕ್ಕೂ ನಡುವೆ ಉಯ್ಯಾಲೆ ಆಡ್ತಿತ್ತು. ಸಿಗ್ನಲ್ ಹತ್ತಿರ ಕ್ಲಚ್ ಒತ್ತಿದರೆ ಎರಡು ಸಲಕ್ಕೆ ಒಂದು ಸಲ ಆಫ್. ಚೋಕ್ ಅರ್ಧ ಎಳೆದಿಟ್ಟರೆ ಆಫ್ ಆಗದೆ ನಿಲ್ಲುತ್ತೆ. 40ರ ಮೇಲೆ ಓಡುವಾಗ ಯಾವ ತೊಂದರೆಯೂ ಇಲ್ಲ, ಎಳೆತ ಚೆನ್ನಾಗಿದೆ.

ಆಗಿರೋ ಕೆಲಸ: ಹೊಸ ಪ್ಲಗ್ (ಗ್ಯಾಪ್ 0.8 ಮಿ.ಮೀ.), ಏರ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್. ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸೋ ಭಾಗ) ಬಿಚ್ಚಿ ತೊಳೆದು ಮೂರು ತಿಂಗಳಾಯ್ತು. ಆಮೇಲೆ ಒಂದು ಗ್ಯಾರೇಜ್‌ನಲ್ಲಿ ಐಡ್ಲಿಂಗ್ ಸ್ಕ್ರೂ ಏರಿಸಿದರು, ಎರಡು ವಾರ ಸರಿಹೋಯ್ತು, ಮತ್ತೆ ಅದೇ ಕಥೆ. ಈಗ ಹೊಸ ಕಾರ್ಬೊರೇಟರ್ ಹಾಕ್ಸಿ ಅಂತಿದ್ದಾರೆ. ಹಾಕ್ಸಬೇಕಾ?

ಹುಬ್ಬಳ್ಳಿ ಸ್ಪ್ಯಾನರ್

ಕಾರ್ಬೊರೇಟರ್ ತಗೋಬ್ಯಾಡ್ರಿ. ಮೊದ್ಲ ರೋಗ ಯಾವ್ದು ಅಂತ ಗೊತ್ತಾಗ್ಲಿ. ಪೆಟ್ರೋಲ್ ಕಡಿಮಿ ಆಗಿ ಸಾಯಾಕತ್ತೇತೋ, ಹೆಚ್ಚಾಗಿ ಸಾಯಾಕತ್ತೇತೋ, ಕಿಡಿ ಇಲ್ದ ಸಾಯಾಕತ್ತೇತೋ, ಈ ಮೂರೊಳಗ ಒಂದು. ಅದು ತಿಳಿಯೋತನಕ ಒಂದ ಸ್ಕ್ರೂನೂ ಮುಟ್ಟಬ್ಯಾಡ್ರಿ.

ಚೋಕ್ ಎಳದ್ರ ನಿಲ್ಲತೈತಿ ಅಂದ್ರ ಎಲ್ರೂ "ಲೀನ್", ಅಂದ್ರ ಗಾಳಿಗೆ ಪೆಟ್ರೋಲ್ ಕಡಿಮಿ, ಅಂತಾರ. ಅದು ಅರ್ಧ ಸಾಕ್ಷಿ ಅಷ್ಟ. ಚೋಕ್ ಎಳದಾಗ ಬರೇ ಗಾಳಿ ಕಡಿಮಿ ಆಗಂಗಿಲ್ಲ, ಅದರ ಲಿಂಕ್ ಥ್ರಾಟಲ್‌ನೂ (ಕಾಲ ಇಟ್ರ ತೆರಿಯೋ ಗಾಳಿ ತಟ್ಟೆ) ಒಂಚೂರು ತೆರಿತೈತಿ. ನಿಂತಿದ್ದು ಪೆಟ್ರೋಲ್ ಹೆಚ್ಚಾಗಿದ್ದಕ್ಕೋ ಥ್ರಾಟಲ್ ತೆರೆದಿದ್ದಕ್ಕೋ ಹೆಂಗ ಹೇಳ್ತೀರಿ? ಏರ್ ಕ್ಲೀನರ್ ತಗದು, ಎಂಜಿನ್ ಬಿಸಿ ಇದ್ದಾಗ, ಚೋಕ್ ಪೂರ್ತಿ ಒಳಗಿಟ್ಟು, ಕಾರ್ಬೊರೇಟರ್ ಬಾಯಿಗೆ ಅಂಗೈ ನಿಧಾನಕ ಅಡ್ಡ ತರ್ರಿ. ಅರ್ಧ ಮುಚ್ಚಿದಾಗ ಆರ್‌ಪಿಎಂ ಏರಿ ನುಣ್ಣಗಾದ್ರ ಲೀನ್ ಖರೇ. ಮುಚ್ಚಿದ ಕೂಡ್ಲೆ ಗುಟುಕಿ ಸತ್ರ ಮೊದಲ ರಿಚ್ ಐತಿ, ಅಂದ್ರ ಪೆಟ್ರೋಲ್ ಹೆಚ್ಚು. ಏನೂ ಫರಕ ಆಗ್ಲಿಲ್ಲ, ಅದೇ ಮಿಸ್ಸಿಂಗ್ (ತಪ್ಪಿ ತಪ್ಪಿ ಉರಿಯೋದು) ಅಂದ್ರ ಕಿಡಿ ಇಲ್ಲಾ ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ಕಡೆ ಹೋಗ್ರಿ. ಉಂಗುರ, ಗಡಿಯಾರ ತಗದಿಟ್ಟು ಮಾಡ್ರಿ, ಬ್ಯಾಕ್‌ಫೈರ್ ಆದ್ರ ಮುಖ ಮ್ಯಾಲ ಇರಬಾರದು.

ಟ್ಯಾಪೆಟ್ ಶಬ್ದ

ಅದರ ಜೊತೆಗೇ ಇನ್ನೊಂದು. ಐಡ್ಲಿಂಗ್‌ನಲ್ಲಿ ಪ್ಲಗ್ ವೈರ್ ಒಂದೊಂದಾಗಿ ತೆಗೆದು ನೋಡಿ. ರಬ್ಬರ್ ಹಿಡಿ ಇರೋ ಪ್ಲಯರ್ ಬಳಸಿ. ತೆಗೆದ ವೈರಿನ ತುದಿಯನ್ನ ಗಾಳಿಯಲ್ಲಿ ಬಿಡಬೇಡಿ, ಹಳೆಯ ಪ್ಲಗ್ ಒಂದನ್ನ ಸಿಕ್ಕಿಸಿ ಎಂಜಿನ್ ಮೈಗೆ ತಾಗಿಸಿಡಿ, ಇಲ್ಲದಿದ್ದರೆ ಕಾಯಿಲ್‌ಗೂ ರೋಟರ್‌ಗೂ ಪೆಟ್ಟು. ಮೂರೇ ಸಿಲಿಂಡರ್ ಇರೋದರಿಂದ ಒಂದು ಹೋದರೆ ಬಿದ್ದೇ ಬೀಳುತ್ತೆ, ಹಾಗಾಗಿ ಕಾಲಲ್ಲಿ 1,500ರ ಹತ್ತಿರ ಹಿಡಿಸಿಟ್ಟು ಮಾಡಿ.

ಮೂರರಲ್ಲೂ ಆರ್‌ಪಿಎಂ ಇಳಿತ ಒಂದೇ ಸಮ ಇದ್ದರೆ ದೋಷ ಮೂರಕ್ಕೂ ಸೇರಿದ ಜಾಗದಲ್ಲಿದೆ: ಕಾರ್ಬೊರೇಟರ್, ಅದರ ಬುಡ, ಟೈಮಿಂಗ್ (ಕಿಡಿ ಹಾರೋ ಹೊತ್ತು), ಪಾಯಿಂಟ್. ಒಂದನ್ನ ತೆಗೆದಾಗ ಮಾತ್ರ ವ್ಯತ್ಯಾಸವೇ ಆಗಲಿಲ್ಲ ಅಂದರೆ ಆ ಸಿಲಿಂಡರ್‌ನ ಪ್ಲಗ್, ವೈರ್, ವಾಲ್ವ್, ಅಥವಾ ಆ ಕಡೆಯ ಮ್ಯಾನಿಫೋಲ್ಡ್ (ಕಾರ್ಬೊರೇಟರ್‌ನಿಂದ ಸಿಲಿಂಡರ್‌ಗೆ ಹೋಗೋ ಪೈಪ್) ಗ್ಯಾಸ್ಕೆಟ್. ಇದೊಂದೇ ಪರೀಕ್ಷೆಯಿಂದ ಅರ್ಧ ಅನುಮಾನ ಕಳೆಯುತ್ತೆ.

ಆರ್‌ಪಿಎಂ ಯಾವುದರಲ್ಲಿ ನೋಡಿದ್ರಿ? ಕೆಲವು ಮೀಟರ್‌ಗಳಲ್ಲಿ 4, 6, 8 ಸಿಲಿಂಡರ್ ಮಾತ್ರ ಇರುತ್ತೆ. 4ರಲ್ಲಿಟ್ಟು ಮೂರು ಸಿಲಿಂಡರ್ ಅಳೆದರೆ ಮುಕ್ಕಾಲು ಪಾಲು ತೋರಿಸುತ್ತೆ.

ಮೂರುಸಿಲಿಂಡರ್

ಮೀಟರ್ 4ರಲ್ಲೇ ಇತ್ತು ಸರ್! ಅಂದರೆ 600–900 ಅಂತ ಬರೆದದ್ದು ನಿಜಕ್ಕೂ 800–1,200.

ಅಂಗೈ ಅಡ್ಡ ತಂದಾಗ ಆರ್‌ಪಿಎಂ ಸ್ಪಷ್ಟವಾಗಿ ಏರುತ್ತೆ, ನಡುಕ ನಿಲ್ಲುತ್ತೆ. ಕೈ ತೆಗೆದರೆ ಮತ್ತೆ ಉಯ್ಯಾಲೆ. ಪ್ಲಗ್ ವೈರ್ ಮೂರರಲ್ಲೂ ಇಳಿತ ಒಂದೇ ತರ. ಪ್ಲಗ್ ತುದಿ ಮೂರೂ ಬಿಳಿಚಿಕೊಂಡಿವೆ.

ಟ್ಯಾಪೆಟ್ ಶಬ್ದ

ಹಾಗಾದರೆ ಲೀನ್, ಮೂರಕ್ಕೂ ಸಮಾನ. ಪ್ಲಗ್ ಬಣ್ಣಕ್ಕೆ ನಾನು ಹೆಚ್ಚು ಬೆಲೆ ಕೊಡಲ್ಲ. ಈಗಿನ ಪೆಟ್ರೋಲ್‌ನಲ್ಲಿ ಸರಿಯಾಗಿರೋ ಗಾಡಿಯ ಪ್ಲಗ್ ಕೂಡ ತಿಳಿಬಣ್ಣವೇ. ಅಂಗೈ ಪರೀಕ್ಷೆ ಸಾಕು.

ಇನ್ನು ಎರಡು ಕೆಲಸ. (1) ಮಿಕ್ಸ್‌ಚರ್ ಸ್ಕ್ರೂ ಈಗ ಎಷ್ಟು ಸುತ್ತು ಹೊರಗಿದೆ ಅಂತ ಎಣಿಸಿ ಬರೆದಿಟ್ಟು, ನಿಧಾನ ಪೂರ್ತಿ ಒಳಗೆ ತಿರುಗಿಸಿ. ತಾಗಿದ ಕೂಡಲೇ ನಿಲ್ಲಿಸಿ, ಬಿಗಿದರೆ ಸೂಜಿಯ ತುದಿಗೆ ಗೀರು ಬಿದ್ದು ಆಮೇಲೆ ಯಾವತ್ತೂ ಸರಿಯಾಗಿ ಕೂರಲ್ಲ. (2) ಕಾರ್ಬೊರೇಟರ್ ಮೈಯಲ್ಲಿ ಒಂಟಿ ವೈರ್ ಹೋಗುವ ಸೊಲೆನಾಯ್ಡ್ (ಐಡ್ಲಿಂಗ್ ಪೆಟ್ರೋಲ್ ತೆರೆಯೋ ವಿದ್ಯುತ್ ಕವಾಟ) ಇದ್ದರೆ, ಎಂಜಿನ್ ಓಡುತ್ತಿರುವಾಗ ಆ ವೈರ್ ಕಿತ್ತು ನೋಡಿ. ಎರಡರಲ್ಲೂ ಎಂಜಿನ್ ಸಾಯಬೇಕು.

ಮೂರುಸಿಲಿಂಡರ್

ಸ್ಕ್ರೂ ನಾಲ್ಕೂವರೆ ಸುತ್ತು ಹೊರಗಿತ್ತು. ಪೂರ್ತಿ ಒಳಗೆ ಹೋದರೂ ಎಂಜಿನ್ ಸಾಯಲಿಲ್ಲ, ಹೆಚ್ಚೆಂದರೆ 50 ಆರ್‌ಪಿಎಂ ಇಳೀತು. ಸೊಲೆನಾಯ್ಡ್ ವೈರ್ ಕಿತ್ತರೂ ಅಷ್ಟೇ. ಕೀ ಆನ್ ಮಾಡಿ ವೈರ್ ಮುಟ್ಟಿಸಿದರೆ ಟಕ್ ಅನ್ನುತ್ತೆ, 12 ವೋಲ್ಟ್ ಬರ್ತಿದೆ.

ಹುಬ್ಬಳ್ಳಿ ಸ್ಪ್ಯಾನರ್

ಸಿಕ್ತು ನೋಡ್ರಿ. ನಿಮ್ಮ ಗಾಡಿ ಐಡಲ್ ಸರ್ಕ್ಯೂಟ್ ಮ್ಯಾಲ ನಿಂತಿಲ್ಲ.

ಥ್ರಾಟಲ್ ಪೂರ್ತಿ ಮುಚ್ಚಿದಾಗ ಪೆಟ್ರೋಲ್ ಬರೋದು ತಟ್ಟೆಯ ಕೆಳಗಿನ ಸಣ್ಣ ತೂತಿನಿಂದ, ಅದನ್ನ ಹಿಡಿಯೋದು ಮಿಕ್ಸ್‌ಚರ್ ಸ್ಕ್ರೂ. ಅದರ ಮ್ಯಾಲ, ತಟ್ಟೆಯ ಅಂಚಿಗೆ ಇನ್ನೂ ಎರಡು ಮೂರು ತೂತು ಇರತಾವ, ಕಾಲ ಇಟ್ಟ ಕೂಡ್ಲೆ ಎಳೆತ ಬರಾಕ. ಐಡ್ಲಿಂಗ್ ಸ್ಕ್ರೂ ಏರಿಸಿ ಏರಿಸಿ ತಟ್ಟೆ ಆ ತೂತು ದಾಟೈತಿ. ಈಗ ಎಂಜಿನ್ ಆ ಮ್ಯಾಲಿನ ತೂತಿನ ಪೆಟ್ರೋಲ್ ಕುಡದು ನಿಂತೈತಿ. ಅಲ್ಲಿ ಪೆಟ್ರೋಲ್ ಹದದಾಗ ಬರಂಗಿಲ್ಲ, ಹಾಂಗಾಗಿ ಉಯ್ಯಾಲೆ. ಸ್ಕ್ರೂ ಏರಿಸಿದವ ರೋಗ ವಾಸಿ ಮಾಡ್ಲಿಲ್ಲ, ಚಾದರ ಹೊಚ್ಚಿದ.

ಈಗ ಸ್ಟಾಪ್ ಸ್ಕ್ರೂ, ಅಂದ್ರ ಅದ ಐಡ್ಲಿಂಗ್ ಸ್ಕ್ರೂ, ಪೂರ್ತಿ ಹಿಂದ ತಗೀರಿ, ತಟ್ಟೆ ಮುಚ್ಚಿ ಲಿವರ್‌ಗೆ ಸ್ಕ್ರೂ ಈಗ ತಾಗ್ತು ಅನ್ನೋ ಜಾಗದಿಂದ ಅರ್ಧ ಸುತ್ತು ಅಷ್ಟ ಒಳಗ. ಮಿಕ್ಸ್‌ಚರ್ ಎರಡೂವರಿ ಸುತ್ತು ಹೊರಗ. ಆಕ್ಸಿಲರೇಟರ್ ಕೇಬಲ್ ಎಳದು ಹಿಡದಿಲ್ಲ ಅಂತ ನೋಡ್ರಿ, ಒಂದೆರಡು ಮಿ.ಮೀ. ಸಡಿಲ ಇರಬೇಕು. ಚೋಕ್ ಕೇಬಲ್‌ಗೂ ಅದ ಮಾತು. ಇಷ್ಟ ಮಾಡಿದ ಮ್ಯಾಲ ಗಾಡಿ ಕಾಲ ತಗದ್ರ ಆಫ್ ಆಗಬಹುದು. ಹೆದರಬ್ಯಾಡ್ರಿ, ಈಗ ಅದು ಖರೇ ಹೇಳಾಕತ್ತೇತಿ.

ಕಡಲತಡಿ

ಲೀನ್ ಆಗ್ಲಿಕ್ಕೆ ಕಾರಣ ಎರಡೇ ಮಾರಾಯ್ರೆ. ಒಂದೋ ಸ್ಲೋ ಜೆಟ್ (ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಸಣ್ಣ ತೂತು) ಕಟ್ಟಿದೆ, ಇಲ್ಲದಿದ್ರೆ ಕಾರ್ಬೊರೇಟರ್ ಕೆಳಗೆ ಎಲ್ಲೋ ಗಾಳಿ ಎಳೀತಾ ಉಂಟು. ವ್ಯಾಕ್ಯೂಮ್ ಗೇಜ್ (ಎಂಜಿನ್ ಗಾಳಿ ಎಳೆಯುವ ಬಲ ಅಳೆಯುವ ಮೀಟರ್) ಸಿಕ್ಕಿದ್ರೆ ಮ್ಯಾನಿಫೋಲ್ಡ್‌ಗೆ ಹಾಕಿ, ಎರಡನ್ನೂ ಬೇರೆ ಮಾಡ್ಲಿಕ್ಕೆ ಆಗ್ತದೆ. ಆದರೆ ಪುಸ್ತಕದ ಅಂಕಿ ಬೆಂಗಳೂರಿಗೆ ಹಾಗೇ ಹಾಕ್ಬೇಡಿ. ನಮ್ಮ ಮಂಗಳೂರಲ್ಲಿ ಒಳ್ಳೆ ಎಂಜಿನ್ 18ರಿಂದ 21 ಇಂಚು (ಪಾದರಸದ ಲೆಕ್ಕ) ತೋರಿಸ್ತದೆ. ಸಾವಿರ ಅಡಿ ಏರಿದ್ರೆ ಒಂದು ಇಂಚು ಕಡಿಮೆ ಅಂತ ಲೆಕ್ಕ. ಬೆಂಗಳೂರು ಮೂರು ಸಾವಿರ ಅಡಿಯ ಹತ್ತಿರ, ಅಲ್ಲಿ 15ರಿಂದ 18 ಬಂದ್ರೆ ಆರೋಗ್ಯ. ಮೂರು ಸಿಲಿಂಡರ್ ಅಲ್ವಾ, ಮುಳ್ಳು ಸ್ವಲ್ಪ ನಡುಗುವುದು ಸಹಜ.

ಮುಳ್ಳು ಸ್ಥಿರವಾಗಿ 10–12ರಲ್ಲಿ ನಿಂತ್ರೆ ಗಾಳಿ ಸೋರಿಕೆ, ಇಲ್ಲವೇ ಟೈಮಿಂಗ್ ತುಂಬಾ ಹಿಂದೆ. ತಾಳ ಹಾಕಿದ ಹಾಗೆ ಒಂದೇ ಅಂತರದಲ್ಲಿ ಎರಡು ಮೂರು ಇಂಚು ಬೀಳ್ತಾ ಇದ್ರೆ ಒಂದು ವಾಲ್ವ್ ಕೂರ್ತಾ ಇಲ್ಲ.

ಸೋರಿಕೆ ಹುಡುಕ್ಲಿಕ್ಕೆ ಸಿರಿಂಜಲ್ಲಿ ಪೆಟ್ರೋಲ್ ಬಿಡುವ ಅಭ್ಯಾಸ ಉಂಟಲ್ಲ, ದಯವಿಟ್ಟು ಬೇಡ. ಬಿಸಿ ಎಂಜಿನ್ ಮೇಲೆ ಬಿದ್ರೆ ಬೆಂಕಿ ಹತ್ತಬಹುದು. ಗಿಡಕ್ಕೆ ಹೊಡೆಯುವ ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿಸಿ. ಕಾರ್ಬೊರೇಟರ್ ಬುಡದ ಸುತ್ತ, ಥ್ರಾಟಲ್ ಶಾಫ್ಟ್‌ನ ಎರಡೂ ತುದಿ, ಮ್ಯಾನಿಫೋಲ್ಡ್ ಹೆಡ್‌ಗೆ ಸೇರುವಲ್ಲಿ, ಒಂದೊಂದೇ ಜಾಗಕ್ಕೆ ಸಣ್ಣಗೆ ಹೊಡೀರಿ. ಡಿಸ್ಟ್ರಿಬ್ಯೂಟರ್ ಕಡೆ ಹೋಗದ ಹಾಗೆ ಒಂದು ಬಟ್ಟೆ ಅಡ್ಡ ಇಡಿ. ಸೋರುವ ಸಂದಿಗೆ ನೀರು ಬಿದ್ದ ಕ್ಷಣ ಸುಂಯ್ ಶಬ್ದ ನಿಲ್ತದೆ ಅಥವಾ ಆರ್‌ಪಿಎಂ ಬದಲಾಗ್ತದೆ.

ಪೈಪುಗಳಿಗೆ ಸ್ಪ್ರೇ ಬೇಡ, ಮೂಗು ಪ್ಲಯರ್‌ನಲ್ಲಿ ಬಟ್ಟೆ ಸುತ್ತಿ ಒಂದೊಂದೇ ಅಮುಕಿ ನೋಡಿ. ಪಿಸಿವಿ (ಎಂಜಿನ್ ಒಳಗಿನ ಹೊಗೆಯನ್ನ ಮ್ಯಾನಿಫೋಲ್ಡ್‌ಗೆ ಎಳೆಯುವ) ಪೈಪ್ ಅಮುಕಿದಾಗ ಸ್ವಲ್ಪ ಇಳಿಯುವುದು ಸರಿ, ದಿಢೀರ್ ನುಣ್ಣಗಾದ್ರೆ ಪಿಸಿವಿ ವಾಲ್ವ್ ತೆರೆದೇ ಕೂತಿದೆ ಅಂತ. ಡಿಸ್ಟ್ರಿಬ್ಯೂಟರ್‌ಗೆ ಹೋಗುವ ವ್ಯಾಕ್ಯೂಮ್ ಪೈಪ್ ಬಿಚ್ಚಿ ಬಾಯಲ್ಲಿ ಎಳೆದು ನಾಲಿಗೆ ಒತ್ತಿ ಹಿಡೀರಿ. ಹತ್ತು ಸೆಕೆಂಡ್ ನಾಲಿಗೆ ಅಂಟಿಕೊಂಡೇ ಇದ್ರೆ ಡಯಾಫ್ರಮ್ ಚೆನ್ನಾಗಿದೆ.

ಹೊಸಬ ಆಲ್ಟೊ

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನದು 2004ರ ಆಲ್ಟೊ, ಎಂಪಿಎಫ್‌ಐ (ಕಾರ್ಬೊರೇಟರ್ ಇಲ್ಲ, ಪೆಟ್ರೋಲ್ ಇಂಜೆಕ್ಷನ್). ಇದೂ ಬಿಸಿಯಾದಾಗ ಕ್ಲಚ್ ಒತ್ತಿದರೆ ಆಫ್ ಆಗುತ್ತೆ, ಎಸಿ ಹಾಕಿದರೆ ಇನ್ನೂ ಜಾಸ್ತಿ. ಚೆಕ್ ಎಂಜಿನ್ ಲೈಟ್ ಬಂದಿಲ್ಲ. ಮೇಲಿನ ಪರೀಕ್ಷೆಗಳು ಇದಕ್ಕೂ ಆಗುತ್ತಾ?

ವೋಲ್ಟ್‌ಮೀಟರ್

ಎಲ್ಲವೂ ಆಗುವುದಿಲ್ಲ. ಒಂದು ಕಡೆ ಉಲ್ಟಾ ಆಗುತ್ತದೆ. ಕಾರ್ಬೊರೇಟರ್ ಗಾಡಿಯಲ್ಲಿ ಗಾಳಿ ಸೋರಿದರೆ ಲೀನ್ ಆಗಿ ಎಂಜಿನ್ ಸಾಯುತ್ತದೆ. ನಿಮ್ಮ ಗಾಡಿಯ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಗಾಳಿಯನ್ನು ಮ್ಯಾನಿಫೋಲ್ಡ್ ಒತ್ತಡದಿಂದ, ಅಂದರೆ ಮ್ಯಾಪ್ ಸೆನ್ಸರ್‌ನಿಂದ ಲೆಕ್ಕ ಹಾಕುತ್ತದೆ. ಸೋರಿಕೆಯಾದರೆ ಒತ್ತಡ ಏರಿದ್ದು ಕಂಡು ಪೆಟ್ರೋಲ್ ಕೂಡ ಹೆಚ್ಚು ಬಿಡುತ್ತದೆ, ಹಾಗಾಗಿ ಸಾಮಾನ್ಯವಾಗಿ ಐಡ್ಲಿಂಗ್ ಏರುತ್ತದೆ, ಇಳಿಯುವುದಿಲ್ಲ. ಇಳಿದು ಆಫ್ ಆಗುತ್ತಿದ್ದರೆ ಮೊದಲ ಅನುಮಾನ ಥ್ರಾಟಲ್ ಬಾಡಿಯ ಕರಿ ಮತ್ತು ಐಡಲ್ ಕಂಟ್ರೋಲ್ ವಾಲ್ವ್ ಮೇಲೆ. ಎಸಿ ಹಾಕಿದಾಗ ಹೆಚ್ಚಾಗುವುದು ಇದಕ್ಕೇ ಹೊಂದುತ್ತದೆ: ಹೆಚ್ಚುವರಿ ಗಾಳಿ ಬೇಕು, ದಾರಿ ಕಟ್ಟಿದೆ.

ಥ್ರಾಟಲ್ ಬಾಡಿಯನ್ನು ಗಾಡಿಯಿಂದ ಇಳಿಸಿಯೇ ತೊಳೆಯಿರಿ, ಗ್ಯಾಸ್ಕೆಟ್ ಹೊಸದು ಹಾಕಿ. ವಾಲ್ವ್ ಬಿಚ್ಚಿ ಅದರ ಗಾಳಿ ದಾರಿಗೆ ಮಾತ್ರ ಕ್ಲೀನರ್, ಕನೆಕ್ಟರ್ ಇರುವ ಕಡೆಗೆ ಬೇಡ. ತಟ್ಟೆಯ ಅಂಚನ್ನು ಬ್ಲೇಡ್‌ನಿಂದ ಕೆರೆಯಬೇಡಿ, ಬಟ್ಟೆ ಸಾಕು. ತಟ್ಟೆಯ ಸ್ಟಾಪ್ ಸ್ಕ್ರೂ ಮುಟ್ಟಬೇಡಿ, ಅದು ಕಾರ್ಖಾನೆಯಲ್ಲಿ ಹೊಂದಿಸಿದ್ದು. ಅಲ್ಲಿ ತಿರುಗಿಸಿದರೆ ಥ್ರಾಟಲ್ ಮುಚ್ಚಿದೆಯೋ ಇಲ್ಲವೋ ಎಂದು ಇಸಿಯುಗೇ ಗೊತ್ತಾಗುವುದಿಲ್ಲ.

ಆಮೇಲೂ ಉಳಿದರೆ ಮೀಟರ್ ಹಿಡಿಯಿರಿ. ಕೂಲಂಟ್ ಸೆನ್ಸರ್ 20 ಡಿಗ್ರಿಯಲ್ಲಿ ಸುಮಾರು 2.5 ಕಿಲೋ ಓಮ್, 80 ಡಿಗ್ರಿಯಲ್ಲಿ ಸುಮಾರು 0.3 ಕಿಲೋ ಓಮ್ ತೋರಿಸಬೇಕು. ಬಿಸಿಯಲ್ಲೂ ಒಂದು ಕಿಲೋ ಓಮ್ ಇದ್ದರೆ ಎಂಜಿನ್ ಇನ್ನೂ ತಣ್ಣಗಿದೆ ಎಂದು ಇಸಿಯು ಪೆಟ್ರೋಲ್ ಸುರಿಯುತ್ತಿರುತ್ತದೆ, ಲೈಟ್ ಬರುವುದಿಲ್ಲ. ಲೈಟ್ ಹತ್ತುವುದು ವೈರ್ ಕಡಿದಾಗ ಅಥವಾ ಶಾರ್ಟ್ ಆದಾಗ. ಸೆನ್ಸರ್ ಸುಳ್ಳು ಹೇಳಿದರೆ ಬಹಳ ಸಲ ಹತ್ತುವುದಿಲ್ಲ. ಸ್ಕ್ಯಾನರ್ ಸಿಕ್ಕಿದರೆ ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಇಟ್ಟು ಮ್ಯಾಪ್ ನೋಡಿ. ಬೆಂಗಳೂರಿನಲ್ಲಿ 91 ಕಿಲೋಪಾಸ್ಕಲ್, ಕರಾವಳಿಯಲ್ಲಿ 101ರ ಆಸುಪಾಸು ಬರಬೇಕು.

ಹೊಸಬ ಆಲ್ಟೊ

ಸರಿ ಸರ್, ಥ್ರಾಟಲ್ ಬಾಡಿಯಿಂದ ಶುರು ಮಾಡ್ತೀನಿ.

ರೋಟರ್ ಮುಚ್ಚಳ

ಎಲ್ಲರೂ ಗಾಳಿಯ ಹಿಂದೆ ಬಿದ್ದಿದ್ದೀರಿ. ಬಿಸಿಯಾದ ಮೇಲೆ ಆಫ್ ಆಗುವುದೆಂದರೆ ನನ್ನ ಮೊದಲ ಬೆಟ್ ಕಂಡೆನ್ಸರ್ (ಪಾಯಿಂಟ್ ಸುಡದ ಹಾಗೆ ಕಾಯುವುದು). ಸಣ್ಣ ಸಾಮಾನು, ಬದಲಾಯಿಸಿ ನೋಡಬಾರದೇಕೆ?

ಟ್ಯಾಪೆಟ್ ಶಬ್ದ

ಕಂಡೆನ್ಸರ್ ಬಿಸಿಗೆ ಕೈಕೊಡುತ್ತೆ ಅನ್ನೋದು ನಿಜ. ಆದರೆ ಅದು ಹೋದರೆ ಓಡುವಾಗಲೂ ಮಿಸ್ಸಿಂಗ್ ಬರಬೇಕು, ಎಳೆತ ಕುಂದಬೇಕು, ಪಾಯಿಂಟ್ ಸುಟ್ಟು ಒಂದು ಕಡೆ ಗುಳಿ ಒಂದು ಕಡೆ ಗುಬುಟು ಆಗಿರಬೇಕು. ಇಲ್ಲಿ 40ರ ಮೇಲೆ ಚೆನ್ನಾಗಿ ಓಡ್ತಿದೆ, ಅಂಗೈ ಅಡ್ಡ ಬಂದರೆ ನುಣ್ಣಗಾಗ್ತಿದೆ. ಕಿಡಿ ಇಲ್ಲದ ಗಾಡಿ ಅಂಗೈಗೆ ಸರಿಹೋಗಲ್ಲ. ಅಂದಾಜಿಗೆ ಸಾಮಾನು ಬದಲಾಯಿಸುತ್ತಾ ಹೋದರೆ ಕೊನೆಗೆ ಯಾವುದರಿಂದ ಸರಿಹೋಯ್ತು ಅನ್ನೋದೇ ತಿಳಿಯಲ್ಲ. ಇನ್ನೊಂದು ಮಾತು, ಈಗ ಸಿಗೋ ಹೊಸ ಕಂಡೆನ್ಸರ್‌ಗಳಲ್ಲಿ ಡಬ್ಬದಿಂದಲೇ ಕೆಟ್ಟವು ಬರ್ತಿವೆ. ಹಳೆಯದು ಕೆಲಸ ಮಾಡ್ತಿದ್ದರೆ ಅದನ್ನ ಬಿಸಾಡಬೇಡಿ.

ಪಾಯಿಂಟ್ ಗ್ಯಾಪ್ ಮಾತ್ರ ನೋಡಲೇಬೇಕು. ಡಿಸ್ಟ್ರಿಬ್ಯೂಟರ್ ಕ್ಯಾಮ್‌ನ ಮೂಲೆ ಪಾಯಿಂಟ್‌ನ ಹಿಮ್ಮಡಿಯನ್ನ (ಕ್ಯಾಮ್‌ಗೆ ಉಜ್ಜೋ ತುದಿ) ಪೂರ್ತಿ ಎತ್ತಿದಾಗ 0.40ರಿಂದ 0.45 ಮಿ.ಮೀ. ಹಿಮ್ಮಡಿ ಸವೆದ ಹಾಗೆ ಗ್ಯಾಪ್ ಕಿರಿದಾಗುತ್ತೆ, ಟೈಮಿಂಗ್ ಹಿಂದೆ ಸರಿಯುತ್ತೆ. ಆದ್ದರಿಂದ ಕ್ರಮ ತಪ್ಪಿಸಬೇಡಿ: ಟ್ಯಾಪೆಟ್ (ವಾಲ್ವ್ ಒತ್ತೋ ಕಡೆಯ ಸಂದು), ಪಾಯಿಂಟ್, ಟೈಮಿಂಗ್, ಕೊನೆಗೆ ಮಿಕ್ಸ್‌ಚರ್. ಟೈಮಿಂಗ್ ಮಾಡಿ ಆಮೇಲೆ ಪಾಯಿಂಟ್ ಮುಟ್ಟಿದರೆ ಮೊದಲಿನ ಕೆಲಸ ನೀರುಪಾಲು. ಕ್ಯಾಮ್‌ಗೆ ಸಾಸಿವೆ ಕಾಳಿನಷ್ಟು ಗ್ರೀಸ್ ಸಾಕು, ಹೆಚ್ಚಾದರೆ ಪಾಯಿಂಟ್ ಮೇಲೆ ಸಿಡಿಯುತ್ತೆ.

ಟ್ಯಾಪೆಟ್ ಶಬ್ದ ಇಲ್ಲ ಅಂತ ಖುಷಿಪಡಬೇಡಿ. ಶಬ್ದ ಮಾಡೋದು ಸಡಿಲ ಟ್ಯಾಪೆಟ್. ಬಿಗಿಯಾದದ್ದು ಸುಮ್ಮನಿದ್ದು ಎಕ್ಸಾಸ್ಟ್ ವಾಲ್ವ್ ಸುಡುತ್ತೆ.

ಮೂರುಸಿಲಿಂಡರ್

ಸ್ಟಾಪ್ ಸ್ಕ್ರೂ ಹಿಂದೆ ತೆಗೆದು ಹುಬ್ಬಳ್ಳಿಯವರು ಹೇಳಿದ ಹಾಗೆ ಇಟ್ಟೆ. ಕಾಲು ತೆಗೆದರೆ ಆಫ್ ಆಗ್ತಿತ್ತು. ಕಾಲಲ್ಲಿ 1,200ಕ್ಕೆ ಹಿಡಿದು ಗೇಜ್ ನೋಡಿದರೆ 11 ಇಂಚು, ಮುಳ್ಳು ಸ್ಥಿರ. ಪಾಯಿಂಟ್ 0.35 ಇತ್ತು, 0.45ಕ್ಕೆ ತಂದು ಟೈಮಿಂಗ್ ಲೈಟ್ ಹಾಕಿ ಗುರುತಿಗೆ ಸರಿ ಮಾಡಿದೆ. ಆಗ 12.

ನೀರು ಹೊಡೆದಾಗ ಕಾರ್ಬೊರೇಟರ್ ಬುಡದಲ್ಲಿ ಸಿಕ್ತು. ಕಾರ್ಬೊರೇಟರ್‌ಗೂ ಮ್ಯಾನಿಫೋಲ್ಡ್‌ಗೂ ನಡುವೆ ಇರೋ ದಪ್ಪ ಕಪ್ಪು ಬಿಲ್ಲೆಯ ಹಿಂಬದಿ, ಕೈ ಹೋಗದ ಜಾಗ. ನೀರು ಬಿದ್ದ ತಕ್ಷಣ ಎಂಜಿನ್ ಕೆಮ್ಮಿತು. ಹಿಂದಿನ ನಟ್ ಬೆರಳಲ್ಲೇ ತಿರುಗ್ತಿತ್ತು. ಬಿಗಿ ಮಾಡಿದರೆ 14 ಆಯ್ತು, ಅದಕ್ಕಿಂತ ಮೇಲೆ ಹೋಗ್ತಿಲ್ಲ. ಸಿಲಿಕಾನ್ ಹಚ್ಚಿ ಕೂರಿಸಲಾ?

ಹುಬ್ಬಳ್ಳಿ ಸ್ಪ್ಯಾನರ್

ಸಿಲಿಕಾನ್ ಹಚ್ಚಬ್ಯಾಡ್ರಿ! ಪೆಟ್ರೋಲ್‌ಗೆ ಅದು ಉಬ್ಬಿ ತುಂಡಾಗಿ ಒಳಗ ಹೋಗತೈತಿ. ಆ ಬಿಲ್ಲಿ ಇನ್ಸುಲೇಟರ್, ಎಂಜಿನ್ ಬಿಸಿ ಕಾರ್ಬೊರೇಟರ್‌ಗೆ ಏರದಂಗ ಇಟ್ಟಿದ್ದು. ಮೂರು ತಿಂಗಳ ಹಿಂದ ಕಾರ್ಬೊರೇಟರ್ ಇಳಿಸ್ಯಾರ, ಹಳೇ ಗ್ಯಾಸ್ಕೆಟ್ ಮ್ಯಾಲ ಕೂಡ್ಸಿ ಒಂದು ಕಡೆ ಬಿಗಿದಾರ. ಬಿಸಿಗೆ ಸೊಟ್ಟ ಆಗೇತಿ. ತಣ್ಣಗಿದ್ದಾಗ ಚೋಕ್ ಇರೋದಕ್ಕ ಗೊತ್ತಾಗ್ಲಿಲ್ಲ.

ಇಳಿಸ್ರಿ. ಬಿಲ್ಲಿ ಮ್ಯಾಲ ಸ್ಟೀಲ್ ಸ್ಕೇಲ್ ನಿಲ್ಲಿಸಿ ಕೆಳಗ 0.10 ಮಿ.ಮೀ. ಫೀಲರ್ (ಸಂದು ಅಳಿಯೋ ತಗಡು) ತೂರ್ರಿ. ತೂರಿದ್ರ ಬಿಲ್ಲಿ ಹೊಸಾದು ಹಾಕ್ರಿ. ಕಾರ್ಬೊರೇಟರ್ ಕೆಳಗಿನ ಫ್ಲ್ಯಾಂಜ್‌ಗೂ ಅದ ಪರೀಕ್ಷೆ. ಅಲ್ಲಿ ಸೊಟ್ಟ ಇದ್ರ ದಪ್ಪ ಗಾಜಿನ ಮ್ಯಾಲ 400ರ ಎಮರಿ ಹಾಳಿ ಇಟ್ಟು ಎಂಟರ ಆಕಾರದಾಗ ತಿಕ್ಕಿ ಸಮ ಮಾಡ್ರಿ. ಗ್ಯಾಸ್ಕೆಟ್ ಎರಡೂ ಬದಿ ಹೊಸಾವು, ಒಣಗಿದ್ದ ಹಾಕ್ರಿ. ನಟ್ ಮೊದ್ಲ ಎಲ್ಲಾ ಬೆರಳಾಗ, ಆಮ್ಯಾಲ ಎದುರು ಬದುರು ಸ್ವಲ್ಪ ಸ್ವಲ್ಪ.

ಕೈಯಾಗ ಇದ್ದಾಗ ಸ್ಲೋ ಜೆಟ್‌ನೂ ನೋಡ್ರಿ. ಬೆಳಕಿಗೆ ಹಿಡದ್ರ ತೂತು ದುಂಡಗ ಕಾಣಬೇಕು. ತಂತಿ ಹಾಕಬ್ಯಾಡ್ರಿ, ಹಿತ್ತಾಳಿ ತೂತು ದೊಡ್ಡದಾಗತೈತಿ. ಮೀನ ಹಿಡಿಯೋ ನೈಲಾನ್ ದಾರ, ಆಮ್ಯಾಲ ಗಾಳಿ.

ಕಡಲತಡಿ

ಇನ್ನೊಂದು ಲೆಕ್ಕ. ಬಂಕಲ್ಲಿ ಈಗ ಸಿಗುವುದು ಹೆಚ್ಚಾಗಿ ಇ20 (ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್). ಬರೀ ಪೆಟ್ರೋಲ್‌ಗೆ ಒಂದಕ್ಕೆ 14.7 ಪಾಲು ಗಾಳಿ ಬೇಕಾದ್ರೆ ಇ20ಗೆ ಸುಮಾರು 13.5 ಸಾಕು. 1994ರ ಜೆಟ್‌ಗೆ ಇದು ಗೊತ್ತಿಲ್ಲ, ಹಾಗಾಗಿ ಅದೇ ಜೆಟ್ಟಲ್ಲಿ ಗಾಡಿ ಲೀನ್ ಕಡೆ ಹೋಗ್ತದೆ. ಬೆಂಗಳೂರಲ್ಲಿ ಗಾಳಿ ತೆಳು, ಅದು ಕಾರ್ಬೊರೇಟರನ್ನ ರಿಚ್ ಕಡೆ ತಳ್ತದೆ, ಅರ್ಧ ಸರಿದೂಗ್ತದೆ. ಘಟ್ಟ ಇಳಿದು ನಮ್ಮಲ್ಲಿಗೆ ಬಂದ್ರೆ ಮಿಕ್ಸ್‌ಚರ್ ಕಾಲು ಸುತ್ತು ಹೊರಗೆ ಕೇಳಬಹುದು ಆಯ್ತಾ. ಹಳೇ ರಬ್ಬರ್ ಪೈಪುಗಳನ್ನ ಹೇಗೂ ಬದಲಾಯಿಸಿ, ಎಥನಾಲ್‌ಗೆ ಅವು ಮೆತ್ತಗಾಗಿ ಬಿರುಕು ಬಿಡ್ತವೆ. ತಿಂಗಳುಗಟ್ಟಲೆ ನಿಲ್ಲಿಸುವುದಾದ್ರೆ ಅದು ನೀರನ್ನೂ ಎಳೆದುಕೊಳ್ತದೆ.

ಮೂರುಸಿಲಿಂಡರ್

ಬಿಲ್ಲೆ ಸೊಟ್ಟಗಿತ್ತು, 0.25ರ ಫೀಲರ್ ಕೂಡ ತೂರಿತು. ಹೊಸ ಬಿಲ್ಲೆ, ಎರಡು ಗ್ಯಾಸ್ಕೆಟ್ ಹಾಕಿದೆ. ಫ್ಲ್ಯಾಂಜ್ ಸಮ ಇತ್ತು. ಸ್ಲೋ ಜೆಟ್‌ನಲ್ಲಿ ಅರ್ಧಚಂದ್ರದ ಹಾಗೆ ಕೊಳೆ ಕಟ್ಟಿತ್ತು, ತೆಗೆದೆ.

ಈಗ 900 ಆರ್‌ಪಿಎಂ (ಸರಿಯಾದ ಲೆಕ್ಕದಲ್ಲಿ!), ವ್ಯಾಕ್ಯೂಮ್ 16.5. ಮಿಕ್ಸ್‌ಚರ್ ಎರಡೂಕಾಲು ಸುತ್ತು. ಒಳಗೆ ತಿರುಗಿಸಿದರೆ ಸಾಯುತ್ತೆ, ಸೊಲೆನಾಯ್ಡ್ ವೈರ್ ಕಿತ್ತರೂ ಸಾಯುತ್ತೆ. ಸಿಗ್ನಲ್‌ನಲ್ಲಿ ಆಫ್ ಆಗೋದು ನಿಂತಿದೆ.

ಒಂದು ಉಳಿದಿದೆ. ಬಿಸಿ ಗಾಡಿ ನಿಲ್ಲಿಸಿ ಕಾಲು ಗಂಟೆ ಬಿಟ್ಟು ಸ್ಟಾರ್ಟ್ ಮಾಡಿದರೆ ಸೆಲ್ಫ್ ಜಾಸ್ತಿ ಬೇಕು, ಒಂದು ನಿಮಿಷ ಕಪ್ಪು ಹೊಗೆಯ ಜೊತೆ ಮಿಸ್ಸಿಂಗ್, ಆಮೇಲೆ ಸರಿ.

ಟ್ಯಾಪೆಟ್ ಶಬ್ದ

ಅದು ಬೇರೆ ರೋಗ, ಇದು ರಿಚ್. ಎಂಜಿನ್ ನಿಂತ ಮೇಲೆ ಬಾನೆಟ್ ಒಳಗಿನ ಬಿಸಿಗೆ ಕಾರ್ಬೊರೇಟರ್‌ನ ಫ್ಲೋಟ್ ಬಟ್ಟಲಿನ ಪೆಟ್ರೋಲ್ ಕುದ್ದು ಮ್ಯಾನಿಫೋಲ್ಡ್‌ಗೆ ಉಕ್ಕುತ್ತೆ. ಸ್ಟಾರ್ಟ್ ಮಾಡುವಾಗ ಚೋಕ್ ಮುಟ್ಟಬೇಡಿ, ಆಕ್ಸಿಲರೇಟರ್ ಪಂಪ್ ಮಾಡಬೇಡಿ, ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಕೊಡಿ.

ಫ್ಲೋಟ್ ಲೆವೆಲ್ ಹೆಚ್ಚಿದ್ದರೆ ಇದು ಜಾಸ್ತಿ. ಕಾರ್ಬೊರೇಟರ್ ಬದಿಯಲ್ಲಿ ಗಾಜಿನ ಕಿಂಡಿ ಇದ್ದರೆ ಗಾಡಿ ಸಮನೆಲದಲ್ಲಿ ನಿಲ್ಲಿಸಿ, ಐಡ್ಲಿಂಗ್‌ನಲ್ಲಿ ನೋಡಿ. ಪೆಟ್ರೋಲ್ ನಡುವಿನ ಗುರುತಿಗಿಂತ ಮೇಲಿದ್ದರೆ ಸೂಜಿ ವಾಲ್ವ್ ಸವೆದಿದೆ ಅಥವಾ ಫ್ಲೋಟ್ ನಾಲಿಗೆ ಬಗ್ಗಿಸಬೇಕು. ಟ್ಯಾಂಕ್‌ಗೆ ವಾಪಸ್ ಹೋಗುವ ಪೈಪ್ ಮಡಚಿಕೊಂಡಿಲ್ಲ ಅಂತಲೂ ನೋಡಿ.

ಹುಬ್ಬಳ್ಳಿ ಸ್ಪ್ಯಾನರ್

ಮತ್ತ ಬುಡದ ನಟ್ 500 ಕಿಲೋಮೀಟರ್ ಓಡಿಸಿದ ಮ್ಯಾಲ, ಎಂಜಿನ್ ಪೂರ್ತಿ ತಣ್ಣಗಾದಾಗ, ಒಮ್ಮೆ ಕೈ ಹಾಕಿ ನೋಡ್ರಿ. ಹೊಸ ಗ್ಯಾಸ್ಕೆಟ್ ಕೂತು ಕಾಲು ಸುತ್ತು ಸಡಿಲ ಬಿಡತೈತಿ. ಸಣ್ಣ ಸ್ಪ್ಯಾನರ್ ಸಾಕು, ಪೈಪ್ ಹಾಕಿ ಬಿಗಿಬ್ಯಾಡ್ರಿ.

ಮೂರುಸಿಲಿಂಡರ್

ಕಿಂಡಿಯಲ್ಲಿ ಪೆಟ್ರೋಲ್ ಗುರುತಿಗಿಂತ ಮೂರು ಮಿ.ಮೀ. ಮೇಲಿದೆ. ಸೂಜಿಯ ತುದಿಯಲ್ಲಿ ಉಂಗುರದ ಹಾಗೆ ಗೀರು. ಹೊಸ ಸೂಜಿ ವಾಲ್ವ್ ತರಿಸ್ತಿದ್ದೀನಿ.